ಬೀದಿಯ ಪಟದಲ್ಲಿ ಮನೆತನದ ಗುರುತು

ಮನೆತನದ ಚರಿತ್ರೆಯನ್ನು ಕಾಪಾಡುವ ಕೆಲಸವನ್ನು ಕರ್ನಾಟಕದಲ್ಲಿ ಬಹುಕಾಲದಿಂದ ಮಾಡಿಕೊಂಡು ಬಂದವರು ಹೆಳವರು. ಎತ್ತಿನ ಮೇಲೆ ಕುಳಿತು ಊರೂರು ತಿರುಗುತ್ತ, ಒಕ್ಕಲುಮನೆಗಳ ಅಂಗಳಕ್ಕೆ ಬಂದು, ಆ ಮನೆಯ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರುಗಳನ್ನು ಒಪ್ಪಿಸಿ, ಕಾಳುಕಡಿಯನ್ನು ಕಾಣಿಕೆಯಾಗಿ ಪಡೆದು ಮುಂದಿನ ಊರಿಗೆ ಸಾಗುವ ಈ ಸಮುದಾಯದ ವಿದ್ಯೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹೆಳವನ ಪಾಲಿಗೆ ವ್ಯಕ್ತಿಯ ಹೆಸರಿನಷ್ಟೇ ನೆಲೆಯ ಹೆಸರೂ ಮುಖ್ಯ. ಯಾವ ಊರಿನಿಂದ ಹೊರಟು, ಎಲ್ಲಿ ತಂಗಿ, ಎಲ್ಲಿ ಕವಲೊಡೆದು ಈ ಮನೆ ಇಲ್ಲಿಗೆ ಬಂತೆಂಬುದನ್ನು ಹೇಳದೆ ಅವನ ವಂಶಾವಳಿ ಮುಗಿಯುವುದಿಲ್ಲ. ವಂಶಾವಳಿಯೆಂದರೆ ಹೆಸರುಗಳ ಸಾಲು ಮಾತ್ರವಲ್ಲ, ನೆಲೆಗಳ ಸಾಲೂ ಹೌದು ಎಂಬ ಈ ತಿಳಿವಳಿಕೆಯೇ ಇಂದಿನ ಭಾಷಣದ ವಿಷಯಕ್ಕೂ ತಳಹದಿಯಾಗಿದೆ.

ಹೆಳವರಿಲ್ಲದ ನಾಡಿನಲ್ಲಿ ಈ ಕೆಲಸವನ್ನು ಕಾಗದವೂ ಛಾಯಾಚಿತ್ರವೂ ಮಾಡಬೇಕಾಗುತ್ತದೆ. ಅಮೆರಿಕದ ಮಧ್ಯಪಶ್ಚಿಮ ಭಾಗದ ಎರಡು ದೊಡ್ಡ ನಗರಗಳಾದ ಶಿಕಾಗೊ ಮತ್ತು ಡೆಟ್ರಾಯಿಟ್‌ಗಳಲ್ಲಿ ನೆಲೆಸಿದವರು ಬಹುಮಟ್ಟಿಗೆ ಬೇರೆಡೆಯಿಂದ ಬಂದವರು. ಬಾಡಿಗೆಯ ಮನೆಯಿಂದ ಬಾಡಿಗೆಯ ಮನೆಗೆ, ಕೇರಿಯಿಂದ ಕೇರಿಗೆ, ಕೊನೆಗೆ ನಗರದಿಂದ ಹೊರವಲಯಕ್ಕೆ ಸರಿಯುತ್ತ ಹೋದ ಇಂಥ ಕುಟುಂಬಗಳ ಮೊಮ್ಮಕ್ಕಳು ಇಂದು ತಮ್ಮ ಹಿರಿಯರ ಜಾಡನ್ನು ಹುಡುಕಲು ಹೊರಟಾಗ, ವ್ಯಕ್ತಿಯ ಭಾವಚಿತ್ರಕ್ಕಿಂತ ಹೆಚ್ಚಾಗಿ ನೆರವಿಗೆ ಬರುವುದು ಬೀದಿಯ ಚಿತ್ರ. ಸ್ಟುಡಿಯೊದಲ್ಲಿ ತೆಗೆಸಿದ ಭಾವಚಿತ್ರದ ಹಿನ್ನೆಲೆ ಬಣ್ಣ ಬಳಿದ ಪರದೆಯಾದ್ದರಿಂದ ಅದು ಮುಖವನ್ನು ಮಾತ್ರ ಉಳಿಸುತ್ತದೆ. ಬೀದಿಯಲ್ಲಿ ತೆಗೆದ ಚಿತ್ರವಾದರೋ ಅಂಗಡಿಯ ಬೋರ್ಡು, ಮನೆಯ ನಂಬರು, ನಿಂತ ಕಾರು, ವಿದ್ಯುತ್ ಕಂಬ, ನೆರಳು ಬಿದ್ದ ದಿಕ್ಕು ಇವೆಲ್ಲವನ್ನೂ ತೆಗೆದವರ ಗಮನಕ್ಕೂ ಬಾರದಂತೆ ಒಳಗೆ ಸೇರಿಸಿಕೊಂಡಿರುತ್ತದೆ. ಮನೆತನದ ಸಂಶೋಧಕನಿಗೆ ಬೇಕಾದ ಸಾಕ್ಷ್ಯ ಇರುವುದು ಹೀಗೆ ತಾನಾಗಿ ಸೇರಿಕೊಂಡ ಸಂಗತಿಗಳಲ್ಲಿ.

ಚಿತ್ರವನ್ನು ಓದುವ ಮುನ್ನ ಈ ನಗರಗಳ ದಾಖಲೆಗಳು ಎಲ್ಲೆಲ್ಲಿ ತುಂಡಾಗಿವೆ ಎಂಬುದನ್ನು ತಿಳಿದಿರಬೇಕು. 1871ರ ಅಕ್ಟೋಬರ್ 8ರ ರಾತ್ರಿ ಶಿಕಾಗೊದಲ್ಲಿ ಹೊತ್ತಿಕೊಂಡ ಮಹಾಬೆಂಕಿ 10ರವರೆಗೂ ಉರಿದು, ಸುಮಾರು 300 ಜನರ ಪ್ರಾಣ ತೆಗೆದು, ಒಂದು ಲಕ್ಷದಷ್ಟು ಜನರನ್ನು ಮನೆಯಿಲ್ಲದವರನ್ನಾಗಿಸಿತು. ನ್ಯಾಯಾಲಯದ ಕಟ್ಟಡದೊಂದಿಗೆ ಕುಕ್ ಕೌಂಟಿಯ, ಅಂದರೆ ಶಿಕಾಗೊ ಸೇರಿರುವ ಜಿಲ್ಲೆಯ, ಜನನ ಮರಣ ವಿವಾಹಗಳ ದಾಖಲೆಗಳೂ ಭೂಮಿಯ ಕ್ರಯಪತ್ರಗಳೂ ಬೂದಿಯಾದವು. ಖಾಸಗಿ ಕಂಪನಿಗಳು ಬರೆದಿಟ್ಟುಕೊಂಡಿದ್ದ ಭೂ ಹಕ್ಕುಗಳ ಸಾರಾಂಶದ ಲೆಡ್ಜರುಗಳು ಬೆಂಕಿಯಿಂದ ಪಾರಾಗದಿದ್ದರೆ ಯಾವ ನಿವೇಶನ ಯಾರದೆಂದು ಹೇಳುವುದೇ ಅಸಾಧ್ಯವಾಗುತ್ತಿತ್ತು. ಎರಡನೆಯ ತುಂಡು ಇಡೀ ದೇಶಕ್ಕೆ ಸೇರಿದ್ದು. 1890ರ ಜನಗಣತಿಯ ಹಾಳೆಗಳು 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡದಲ್ಲಿ ಬೆಂಕಿಗೂ ಅದನ್ನು ಆರಿಸಲು ಹಾಯಿಸಿದ ನೀರಿಗೂ ಸಿಕ್ಕಿ ಬಹುಪಾಲು ಹಾಳಾದವು. ಹೀಗಾಗಿ 1880 ಮತ್ತು 1900ರ ಗಣತಿಗಳ ನಡುವಿನ ಇಪ್ಪತ್ತು ವರ್ಷಗಳಲ್ಲಿ ಈ ನಗರಗಳಿಗೆ ಬಂದಿಳಿದವರ ಜಾಡು ಹಿಡಿಯಲು ಊರ ಡೈರೆಕ್ಟರಿಗಳು, ನಕ್ಷೆಗಳು, ಛಾಯಾಚಿತ್ರಗಳೇ ಆಸರೆ.

ಇನ್ನೊಂದು ತೊಡಕು ಮನೆಯ ನಂಬರಿನದು. ಅನುಭವವಿಲ್ಲದ ಸಂಶೋಧಕರು ಹೆಚ್ಚಾಗಿ ಎಡವುವುದು ಇಲ್ಲೇ. ಅಜ್ಜನ ಹಳೆಯ ಕಾಗದದಲ್ಲಿ ಸಿಕ್ಕ ವಿಳಾಸವನ್ನು ಇಂದಿನ ನಕ್ಷೆಯಲ್ಲಿ ಹುಡುಕಿ, ಅಲ್ಲಿ ನಿಂತಿರುವ ಮನೆಯೇ ಅಜ್ಜನ ಮನೆಯೆಂದು ಫೋಟೊ ತೆಗೆದುಕೊಂಡು ಹಿಂತಿರುಗಿದವರು ಎಷ್ಟೋ ಮಂದಿ. ಶಿಕಾಗೊದಲ್ಲಿ ನಗರದ ಬೇರೆ ಬೇರೆ ಭಾಗಗಳು ಬೇರೆ ಬೇರೆ ಕ್ರಮದಲ್ಲಿ ನಂಬರು ಹಾಕಿಕೊಂಡಿದ್ದರಿಂದ ಹುಟ್ಟಿದ ಗೊಂದಲವನ್ನು ನಿವಾರಿಸಲು ಎಡ್ವರ್ಡ್ ಬ್ರೆನನ್ ಎಂಬಾತ 1901ರಿಂದ ಪಟ್ಟುಹಿಡಿದು ಪ್ರಯತ್ನಿಸಿದ. ಅವನು ಅಧಿಕಾರಿಯೂ ಅಲ್ಲ, ಎಂಜಿನಿಯರೂ ಅಲ್ಲ. ಮನೆಮನೆಗೆ ಹೋಗಿ ಬಾಕಿ ವಸೂಲಿ ಮಾಡುವ ಕೆಲಸದಲ್ಲಿ ವಿಳಾಸ ಸಿಗದೆ ಬೇಸತ್ತ ಸಾಮಾನ್ಯ ನೌಕರ. ಅವನು ಸೂಚಿಸಿದ ಕ್ರಮ 1909ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು. ನಗರದ ನಡುಭಾಗಕ್ಕೆ ಮಾತ್ರ 1911ರಲ್ಲಿ ಅನ್ವಯವಾಯಿತು. ಸ್ಟೇಟ್ ಮತ್ತು ಮ್ಯಾಡಿಸನ್ ಬೀದಿಗಳು ಕೂಡುವ ಮೂಲೆಯನ್ನು ಸೊನ್ನೆಯೆಂದು ಹಿಡಿದು, ನಾಲ್ಕೂ ದಿಕ್ಕಿಗೆ ಸಾಮಾನ್ಯವಾಗಿ ಮೈಲಿಗೆ 800ರಂತೆ ನಂಬರು ಏರುತ್ತ ಹೋಗುವುದು ಅದರ ಲೆಕ್ಕ. ಬೀದಿಯ ಉತ್ತರ ಮತ್ತು ಪಶ್ಚಿಮ ಬದಿಗೆ ಸಮಸಂಖ್ಯೆ, ದಕ್ಷಿಣ ಮತ್ತು ಪೂರ್ವ ಬದಿಗೆ ಬೆಸಸಂಖ್ಯೆ. ಡೆಟ್ರಾಯಿಟ್ ನಗರ ಇಂಥದೇ ಬದಲಾವಣೆಯನ್ನು 1921ರ ಜನವರಿ 1ರಿಂದ ಮಾಡಿಕೊಂಡಿತು. ಆದುದರಿಂದ ಶಿಕಾಗೊದ ಚಿತ್ರ 1909ಕ್ಕಿಂತಲೂ (ನಡುಭಾಗದ್ದಾದರೆ 1911ಕ್ಕಿಂತಲೂ) ಡೆಟ್ರಾಯಿಟ್‌ನ ಚಿತ್ರ 1921ಕ್ಕಿಂತಲೂ ಹಿಂದಿನದಾಗಿದ್ದರೆ, ಅದರಲ್ಲಿ ಕಾಣುವ ನಂಬರನ್ನು ಹಳೆಯ ಮತ್ತು ಹೊಸ ನಂಬರುಗಳನ್ನು ಜೋಡಿಸಿ ತೋರಿಸುವ ಪಟ್ಟಿಯ ಮೂಲಕ ಬದಲಾಯಿಸಿಕೊಂಡೇ ಮುಂದುವರಿಯಬೇಕು. ಶಿಕಾಗೊದ ಇಂಥ ಪಟ್ಟಿ 1909ರಲ್ಲೇ ಅಚ್ಚಾಗಿದೆ.

ನಂಬರು ಖಚಿತವಾದ ಮೇಲೆ ಮೂರು ಬಗೆಯ ದಾಖಲೆಗಳನ್ನು ಚಿತ್ರದ ಪಕ್ಕಕ್ಕೆ ಇಟ್ಟು ನೋಡಲಾಗುತ್ತದೆ. ಮೊದಲನೆಯದು ಊರ ಡೈರೆಕ್ಟರಿ, ಅಂದರೆ ಟೆಲಿಫೋನು ಬರುವ ಮೊದಲೇ ನಿವಾಸಿಗಳ ಹೆಸರು, ಕಸುಬು, ವಿಳಾಸಗಳನ್ನು ಅಕಾರಾದಿಯಾಗಿ ಅಚ್ಚುಹಾಕಿದ ಪುಸ್ತಕ. ಇಂಥ ಪುಸ್ತಕಗಳಿಂದಲೇ ದೇಶದಲ್ಲೆಲ್ಲ ಹೆಸರಾದ ಪೋಕ್ ಕಂಪನಿ ಹುಟ್ಟಿದ್ದು 1870ರಲ್ಲಿ, ಡೆಟ್ರಾಯಿಟ್‌ನಲ್ಲಿ. ಎರಡನೆಯದು ಸ್ಯಾನ್‌ಬಾರ್ನ್ ಕಂಪನಿಯ ಅಗ್ನಿವಿಮಾ ನಕ್ಷೆ. ಕಟ್ಟಡಕ್ಕೆ ಬೆಂಕಿ ತಗಲುವ ಅಪಾಯ ಎಷ್ಟೆಂದು ವಿಮಾ ಕಂಪನಿಗಳು ಅಂದಾಜು ಮಾಡಲು ತಯಾರಾದ ಈ ನಕ್ಷೆಗಳಲ್ಲಿ 50 ಅಡಿಯನ್ನು ಒಂದು ಅಂಗುಲಕ್ಕೆ ಇಳಿಸಿ, ಇಟ್ಟಿಗೆಯ ಕಟ್ಟಡಕ್ಕೆ ನಸುಗೆಂಪು, ಮರದ ಕಟ್ಟಡಕ್ಕೆ ಹಳದಿ, ಕಲ್ಲಿನದಕ್ಕೆ ನೀಲಿ ಬಣ್ಣ ತುಂಬಿರುತ್ತದೆ. ಎಷ್ಟು ಅಂತಸ್ತು, ಕೆಳಗೆ ಅಂಗಡಿಯೋ ವಾಸವೋ, ಹಿತ್ತಲಲ್ಲಿ ಕೊಟ್ಟಿಗೆಯಿದೆಯೋ ಎಂಬುದನ್ನೂ ಗುರುತು ಮಾಡಿರುತ್ತದೆ. ಶಿಕಾಗೊದ ಸಾಮಾನ್ಯ ನಿವೇಶನ 25 ಅಡಿ ಅಗಲ, 125 ಅಡಿ ಉದ್ದ. ಆ ಅಗಲದಲ್ಲಿ ಒಂದರ ಮೇಲೊಂದು ಮನೆಯಿರುವ ಎರಡಂತಸ್ತಿನ ಕಟ್ಟಡಗಳು ಸಾಲುಗಟ್ಟಿ ನಿಂತಿರುವುದರಿಂದ, ಒಂದು ಮನೆಗೂ ಪಕ್ಕದ ಮನೆಗೂ ಇರುವ ವ್ಯತ್ಯಾಸ ಕೆಲವೊಮ್ಮೆ ಕಿಟಕಿಯ ಮೇಲಿನ ಕಲ್ಲಿನ ಕೆತ್ತನೆಯೊಂದೇ ಆಗಿರುತ್ತದೆ. ಅಂಥಲ್ಲಿ ನಕ್ಷೆಯಿಲ್ಲದೆ ಚಿತ್ರವನ್ನು ನಂಬಿದರೆ ಪಕ್ಕದ ಮನೆಯವರ ಚರಿತ್ರೆ ತಮ್ಮದಾಗಿಬಿಡುವ ಅಪಾಯವುಂಟು. ಮೂರನೆಯದಾದ ಜನಗಣತಿಯ ಹಾಳೆಯ ವಿಚಾರ ಮುಂದೆ ಬರುತ್ತದೆ.

ಬೀದಿಯ ಚಿತ್ರಗಳನ್ನು ತೆಗೆದವರು ಯಾರು, ಏಕೆ ತೆಗೆದರು ಎಂಬ ಪ್ರಶ್ನೆಯನ್ನೂ ಬಿಡುವಂತಿಲ್ಲ. ಡೆಟ್ರಾಯಿಟ್ ಪಬ್ಲಿಷಿಂಗ್ ಕಂಪನಿ ಪೋಸ್ಟ್‌ಕಾರ್ಡುಗಳನ್ನು ಮಾರುವ ಸಲುವಾಗಿ 19ನೆಯ ಶತಮಾನದ ಕೊನೆಯಿಂದ 1924ರವರೆಗೆ ತೆಗೆಸಿದ ಹಾಗೂ ಕೊಂಡುಕೊಂಡ ಚಿತ್ರಗಳ 25,000ಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ಈಗ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಫಿಲ್ಮಿನ ಬದಲು ಗಾಜಿನ ಹಾಳೆಗೆ ರಾಸಾಯನಿಕ ಲೇಪಿಸಿ ತೆಗೆಯುತ್ತಿದ್ದ ಈ ದೊಡ್ಡ ನೆಗೆಟಿವ್‌ಗಳನ್ನು ಹಿಗ್ಗಿಸಿ ನೋಡಿದರೆ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂದ ದೂರದ ಅಂಗಡಿಯ ಬೋರ್ಡಿನ ಅಕ್ಷರಗಳನ್ನೂ ಓದಬಹುದು. ಆದರೆ ಮಾರಾಟದ ಚಿತ್ರಗಳಾದ್ದರಿಂದ ಅವು ಭವ್ಯ ಬೀದಿಗಳತ್ತ ಮುಖಮಾಡಿವೆಯೇ ಹೊರತು ಕೂಲಿಯವರ ಓಣಿಗಳತ್ತ ಅಲ್ಲ. ಪತ್ರಿಕೆಯ ಛಾಯಾಗ್ರಾಹಕರು ಇನ್ನಷ್ಟು ಒಳಗೆ ಹೊಕ್ಕರು: ‘ಶಿಕಾಗೊ ಡೈಲಿ ನ್ಯೂಸ್’ ಪತ್ರಿಕೆಗಾಗಿ 1902ರಿಂದ 1933ರವರೆಗೆ ತೆಗೆದ 55,000ಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ಶಿಕಾಗೊ ಹಿಸ್ಟರಿ ಮ್ಯೂಸಿಯಂನಲ್ಲಿವೆ. ಇವೆಲ್ಲಕ್ಕಿಂತ ಮನೆತನದ ಸಂಶೋಧಕನಿಗೆ ಹತ್ತಿರವಾಗುವವನು ಚಾರ್ಲ್ಸ್ ಕುಷ್‌ಮನ್ ಎಂಬ ಹವ್ಯಾಸಿ. ಶಿಕಾಗೊದಲ್ಲಿ ಬಹುಕಾಲ ನೆಲೆಸಿದ್ದ ಇವನು 1938ರಿಂದ 1969ರವರೆಗೆ ತೆಗೆದ ಸುಮಾರು 14,500 ಬಣ್ಣದ ಸ್ಲೈಡುಗಳಿಗೆ ದಿನಾಂಕವನ್ನೂ ಸ್ಥಳವನ್ನೂ ಟಿಪ್ಪಣಿಪುಸ್ತಕದಲ್ಲಿ ಬರೆದಿಟ್ಟ. ಅವುಗಳನ್ನು ಕಾಪಾಡುತ್ತಿರುವ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಆ ಟಿಪ್ಪಣಿಗಳು ಚಿತ್ರಗಳಷ್ಟೇ ಬೆಲೆಯುಳ್ಳ ಆಸ್ತಿ.

ಕೆಡವುವುದಕ್ಕಾಗಿಯೇ ತೆಗೆದ ಚಿತ್ರಗಳು ಮನೆತನಗಳನ್ನು ಉಳಿಸಿಕೊಟ್ಟ ಪ್ರಸಂಗವೊಂದು ಡೆಟ್ರಾಯಿಟ್‌ನಲ್ಲಿ ನಡೆದಿದೆ. ಈ ವಿಷಯದಲ್ಲಿ ಅದರಷ್ಟು ಗಾಢವಾದ ನಿದರ್ಶನ ಮತ್ತೊಂದಿಲ್ಲ. ನಗರದ ನಡುಭಾಗಕ್ಕೆ ಹತ್ತಿ ಪೂರ್ವಕ್ಕಿದ್ದ ಕೇರಿಗೆ ಬ್ಲ್ಯಾಕ್ ಬಾಟಮ್ ಎಂದು ಹೆಸರು. ಈ ಹೆಸರು ಅಲ್ಲಿನ ಜನರ ಮೈಬಣ್ಣದಿಂದ ಬಂದುದಲ್ಲ, ಫ್ರೆಂಚ್ ಬೇಸಾಯಗಾರರು ಉಳುತ್ತಿದ್ದ ಕಾಲದ ಕಪ್ಪು ಎರೆಮಣ್ಣಿನಿಂದ ಬಂದುದು ಎಂಬುದನ್ನು ಇತಿಹಾಸಕಾರರು ಒತ್ತಿ ಹೇಳುತ್ತಾರೆ. ಜರ್ಮನರು, ಪೂರ್ವ ಯೂರೋಪಿನ ಯಹೂದಿಗಳು, ಇಟಲಿಯವರು ಸರದಿಯಂತೆ ಬದುಕಿ ಹೋದ ಈ ಕೇರಿಗೆ ಮೊದಲನೆಯ ಮಹಾಯುದ್ಧದ ಕಾಲದಿಂದ ದಕ್ಷಿಣದ ರಾಜ್ಯಗಳ ಆಫ್ರಿಕನ್-ಅಮೆರಿಕನ್ನರು ಕಾರ್ಖಾನೆಯ ಕೂಲಿ ಅರಸಿ ಬಂದರು. ಬೇರೆ ಕೇರಿಗಳಲ್ಲಿ ಅವರಿಗೆ ಮನೆ ಮಾರಬಾರದು, ಬಾಡಿಗೆಗೂ ಕೊಡಬಾರದು ಎಂಬ ಕರಾರುಗಳನ್ನು ಕ್ರಯಪತ್ರಗಳಲ್ಲೇ ಬರೆದಿದ್ದುದರಿಂದ ಜನ ಇಲ್ಲೇ ಒತ್ತೊತ್ತಾಗಿ ನೆಲೆಸಬೇಕಾಯಿತು. ಮುಂದೆ ನಗರದ ಮೇಯರ್ ಆದ ಕೋಲ್ಮನ್ ಯಂಗ್ ಬಾಲಕನಾಗಿ ಅಲಬಾಮಾದಿಂದ ಬಂದು ಬೆಳೆದದ್ದೂ, ಇಡೀ ಜಗತ್ತು ಕಣ್ಣಿಟ್ಟ ಮುಷ್ಟಿಯುದ್ಧದ ಕಣದಲ್ಲಿ ಮೆರೆದ ಜೋ ಲೂಯಿಸ್‌ನ ಕುಟುಂಬ 1926ರಲ್ಲಿ ಬಂದಿಳಿದದ್ದೂ ಇಲ್ಲೇ. ಕೇರಿಯ ಬೆನ್ನೆಲುಬಾಗಿದ್ದುದು ಹೇಸ್ಟಿಂಗ್ಸ್ ಬೀದಿ. ಅದರ 3530ನೆಯ ನಂಬರಿನಲ್ಲಿ ಜೋ ವಾನ್ ಬ್ಯಾಟಲ್ ಗ್ರಾಮಫೋನ್ ರೆಕಾರ್ಡುಗಳ ಅಂಗಡಿಯಿಟ್ಟು, ಅದೇ ಬೀದಿಯ ನ್ಯೂ ಬೆಥೆಲ್ ಚರ್ಚಿನ ಧರ್ಮೋಪದೇಶಕ ಸಿ. ಎಲ್. ಫ್ರಾಂಕ್ಲಿನ್‌ನ ಪ್ರವಚನಗಳನ್ನೂ ಅವನ ಮಗಳು ಅರೀತಾಳ ಎಳೆಯ ಕಂಠದ ಭಕ್ತಿಗೀತೆಗಳನ್ನೂ ಮುದ್ರಿಸಿಕೊಂಡ.

ಎರಡನೆಯ ಮಹಾಯುದ್ಧದ ನಂತರ ಕೊಳೆಗೇರಿ ನಿರ್ಮೂಲನದ ಹೆಸರಿನಲ್ಲಿ ನಗರಾಡಳಿತ ಈ ಕೇರಿಯನ್ನು ಸ್ವಾಧೀನಪಡಿಸಿಕೊಳ್ಳಲು ನಿರ್ಧರಿಸಿತು. ಭೂಸ್ವಾಧೀನದ ಕಡತಕ್ಕೆ ಬೇಕೆಂದು 1949-50ರ ಹೊತ್ತಿಗೆ ಬೀದಿಬೀದಿಯ ಒಂದೊಂದು ಕಟ್ಟಡದ ಚಿತ್ರವನ್ನೂ ತೆಗೆಸಿತು. ಕ್ಯಾಮೆರಾ ಹಿಡಿದವನಿಗೆ ಬೇಕಾಗಿದ್ದುದು ಗೋಡೆ, ಮಾಡು, ಅಂತಸ್ತು. ಚೌಕಟ್ಟಿನೊಳಗೆ ಬಂದ ಮನುಷ್ಯರು ಲೆಕ್ಕಕ್ಕಿಲ್ಲದವರು. ಚಿತ್ರ ತೆಗೆದು ಕೆಲವೇ ವರ್ಷಗಳಲ್ಲಿ ಆ ಮನೆಗಳು ನೆಲಸಮವಾದವು, ಹೇಸ್ಟಿಂಗ್ಸ್ ಬೀದಿಯನ್ನು 1959ರಿಂದ ಆರಂಭವಾದ ಕ್ರೈಸ್ಲರ್ ಹೆದ್ದಾರಿಯ ಕಂದಕ ನುಂಗಿತು, ಒಂದು ಭಾಗದಲ್ಲಿ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ವಿನ್ಯಾಸ ಮಾಡಿದ ಲಫಾಯೆಟ್ ಪಾರ್ಕ್ ಬಡಾವಣೆ ಎದ್ದಿತು. ಬಾಡಿಗೆಗಿದ್ದವರು ಎಲ್ಲೆಲ್ಲಿಗೋ ಚದುರಿದರು. ಕಡತದ ಚಿತ್ರಗಳು ಮಾತ್ರ ಡೆಟ್ರಾಯಿಟ್ ಸಾರ್ವಜನಿಕ ಗ್ರಂಥಾಲಯದ ಬರ್ಟನ್ ಐತಿಹಾಸಿಕ ಸಂಗ್ರಹವನ್ನು ಸೇರಿ, ದಶಕಗಳ ಕಾಲ ಪೆಟ್ಟಿಗೆಗಳಲ್ಲಿ ಉಳಿದುಕೊಂಡವು.

ಈ ಬಿಡಿ ಚಿತ್ರಗಳನ್ನು ಮನೆಯ ನಂಬರಿನ ಕ್ರಮದಲ್ಲಿ ಒಂದರ ಪಕ್ಕ ಒಂದನ್ನು ಹೊಂದಿಸಿ, ಬೀದಿಯ ಎರಡೂ ಬದಿಯನ್ನು ಮತ್ತೆ ಕಟ್ಟಿದ ‘ಬ್ಲ್ಯಾಕ್ ಬಾಟಮ್ ಸ್ಟ್ರೀಟ್ ವ್ಯೂ’ ಎಂಬ ಯೋಜನೆ 2019ರಲ್ಲಿ ಅದೇ ಗ್ರಂಥಾಲಯದಲ್ಲಿ ಪ್ರದರ್ಶನಗೊಂಡಿತು. ಇಲ್ಲವಾದ ಬೀದಿಯಲ್ಲಿ ನಡೆದು ಹೋಗುವ ಅವಕಾಶ ಹೀಗೆ ದೊರೆಯಿತು. ಮರದ ಮನೆಯ ಮುಂದಿನ ಮೆಟ್ಟಿಲು, ಮೂಲೆಯ ದಿನಸಿ ಅಂಗಡಿಯ ಬೋರ್ಡು, ಎರಡು ಮನೆಗಳ ನಡುವಿನ ಸಂದಿ ಇವು ಹೊರಗಿನವರಿಗೆ ಬರಿಯ ಹಳೆಯ ನೋಟವಾದರೆ, ಅಲ್ಲಿ ಬಾಲ್ಯ ಕಳೆದ ವೃದ್ಧರಿಗೆ ಅವು ಹೆಸರುಗಳ ಆಗರ. ಭಾವಚಿತ್ರವನ್ನು ತೋರಿಸಿದರೆ ಆ ವ್ಯಕ್ತಿ ಯಾರೆಂದು ಒಂದೇ ಮಾತಿನಲ್ಲಿ ಉತ್ತರ ಬರುತ್ತದೆ. ಬೀದಿಯನ್ನು ತೋರಿಸಿದರೆ ಪಕ್ಕದ ಮನೆಯವರು, ಮಹಡಿಯ ಬಾಡಿಗೆದಾರರು, ಸಾಲ ಕೊಟ್ಟ ಅಂಗಡಿಯವರು ಎಲ್ಲರೂ ಒಬ್ಬರ ಹಿಂದೊಬ್ಬರು ನೆನಪಿಗೆ ಬರುತ್ತಾರೆ.

ಇದಕ್ಕೆ ಕೂಡಿಬಂದ ಇನ್ನೊಂದು ಅನುಕೂಲವನ್ನು ವಿವರಿಸಬೇಕು. ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯ ಮೂಲ ಹಾಳೆಗಳನ್ನು, ಜನರ ಖಾಸಗಿ ವಿವರಗಳನ್ನು ಕಾಪಾಡುವ ಉದ್ದೇಶದಿಂದ, 72 ವರ್ಷ ಮುಚ್ಚಿಟ್ಟು ಆಮೇಲೆ ಸಾರ್ವಜನಿಕರಿಗೆ ತೆರೆಯುವ ನಿಯಮವಿದೆ. ಅದರಂತೆ 1950ರ ಗಣತಿ 2022ರ ಏಪ್ರಿಲ್ 1ರಂದು ತೆರೆದುಕೊಂಡಿತು. ಬೀದಿಯ ಹೆಸರು ಮತ್ತು ಮನೆಯ ನಂಬರಿನಿಂದ ಆರಂಭವಾಗುವ ಆ ಹಾಳೆಯಲ್ಲಿ ಯಜಮಾನನ ಹೆಸರು, ಉಳಿದವರು ಅವನಿಗೆ ಏನಾಗಬೇಕು, ವಯಸ್ಸು, ಹುಟ್ಟಿದ ರಾಜ್ಯ ಅಥವಾ ದೇಶ, ಮಾಡುವ ಕೆಲಸ ಇವೆಲ್ಲ ಗಣತಿದಾರನ ಕೈಬರಹದಲ್ಲಿವೆ. ಕಟ್ಟಡಗಳ ಚಿತ್ರ ತೆಗೆದದ್ದೂ ಗಣತಿದಾರ ಬಾಗಿಲು ತಟ್ಟಿದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಾದ್ದರಿಂದ, ಚಿತ್ರ ಮನೆಯ ಹೊರಮೈಯನ್ನೂ ಹಾಳೆ ಒಳಗಿದ್ದವರನ್ನೂ ಕೊಡುತ್ತದೆ. ನಂಬರು ಎರಡನ್ನೂ ಬೆಸೆಯುತ್ತದೆ. ಜನರನ್ನು ಒಕ್ಕಲೆಬ್ಬಿಸಿದ ಕಡತವೇ ಅವರ ಮೊಮ್ಮಕ್ಕಳ ಕೈಗೆ ಮನೆತನದ ದಾಖಲೆಯಾಗಿ ಮರಳಿದೆಯೆಂಬುದು ಆ ಅನ್ಯಾಯಕ್ಕೆ ಪರಿಹಾರವಲ್ಲವಾದರೂ, ಅದಿಲ್ಲದಿದ್ದರೆ ಆ ಕುಟುಂಬಗಳಿಗೆ ತಮ್ಮ ಹೊಸಿಲನ್ನು ನೋಡುವ ಬೇರೆ ದಾರಿ ಇರಲಿಲ್ಲ.

ಭಾರತದ ಜನರಿಗೂ ಈ ಬಗೆಯ ಕೇರಿಗಳಿಗೂ ಸಂಬಂಧವಿತ್ತೆಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ. ವಿವೇಕ್ ಬಾಲ್ಡ್ ಅವರ ‘ಬೆಂಗಾಲಿ ಹಾರ್ಲೆಮ್’ ಎಂಬ 2013ರ ಗ್ರಂಥ, ಬ್ರಿಟಿಷ್ ಹಡಗುಗಳಿಂದ ಇಳಿದು ತಪ್ಪಿಸಿಕೊಂಡ ಬಂಗಾಳಿ ನಾವಿಕರು ಡೆಟ್ರಾಯಿಟ್‌ನಂಥ ಕಾರ್ಖಾನೆ ನಗರಗಳಲ್ಲಿ ಕೆಲಸ ಹಿಡಿದು, ಆಫ್ರಿಕನ್-ಅಮೆರಿಕನ್ ಕೇರಿಗಳಲ್ಲಿ ಮದುವೆಯಾಗಿ ಸಂಸಾರ ಹೂಡಿದ್ದನ್ನು ಗಣತಿಯ ಹಾಳೆಗಳಿಂದಲೂ ವಿವಾಹ ದಾಖಲೆಗಳಿಂದಲೂ ಹೊರತೆಗೆದಿದೆ. 1917ರ ಕಾಯಿದೆ ಭಾರತೀಯರ ವಲಸೆಗೆ ಬಾಗಿಲು ಮುಚ್ಚಿದ್ದ ಕಾಲ ಅದು. 1946ರಲ್ಲಿ ವರ್ಷಕ್ಕೆ 100 ಜನರಿಗೆ ಮಾತ್ರ ಬಾಗಿಲು ಕೊಂಚ ತೆರೆಯಿತು. 1965ರ ಅಕ್ಟೋಬರ್ 3ರಂದು ಸಹಿಯಾಗಿ 1968ರಲ್ಲಿ ಪೂರ್ಣವಾಗಿ ಜಾರಿಗೆ ಬಂದ ಹೊಸ ಕಾಯಿದೆಯ ನಂತರವೇ ವೈದ್ಯರು, ಎಂಜಿನಿಯರುಗಳು ಹೆಚ್ಚಿನ ಸಂಖ್ಯೆಯಲ್ಲಿ ಬರಲು ಸಾಧ್ಯವಾದುದು.

ಕನ್ನಡಿಗರ ಮಟ್ಟಿಗೆ ಈ ನಗರಗಳ ಚರಿತ್ರೆಯಲ್ಲಿ ಮೊದಲು ನೆನಪಾಗುವ ಹೆಸರು ಎ. ಕೆ. ರಾಮಾನುಜನ್ ಅವರದು. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, 1962ರಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಕಲಿಸಿದ ಅವರ ಕಾಗದಪತ್ರಗಳು ಆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸುರಕ್ಷಿತವಾಗಿವೆ. ಅವರ ನಂತರ ಬಂದು, ಶಿಕಾಗೊದಲ್ಲಿ ವಿದ್ಯಾರಣ್ಯ ಕನ್ನಡ ಕೂಟವನ್ನೂ ಡೆಟ್ರಾಯಿಟ್ ಸುತ್ತಿನಲ್ಲಿ ಪಂಪ ಕನ್ನಡ ಕೂಟವನ್ನೂ ಕಟ್ಟಿ, 2002ರಲ್ಲಿ ಡೆಟ್ರಾಯಿಟ್‌ನಲ್ಲಿ ಮತ್ತು 2008ರಲ್ಲಿ ಶಿಕಾಗೊದಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ಅಕ್ಕ ಸಂಸ್ಥೆಯ ವಿಶ್ವ ಕನ್ನಡ ಸಮ್ಮೇಳನಗಳನ್ನು ನಡೆಸಿದ ಪೀಳಿಗೆಯ ಸಾವಿರಾರು ಸಾಮಾನ್ಯ ಕುಟುಂಬಗಳ ಕಾಗದಪತ್ರಗಳನ್ನು ಯಾವ ವಿಶ್ವವಿದ್ಯಾಲಯವೂ ಕೇಳಿ ಪಡೆದಿಲ್ಲ. ಅವರ ದಾಖಲೆ ಇರುವುದು ಆಲ್ಬಂಗಳಲ್ಲಿ.

ಅಂಥ ಆಲ್ಬಂನಲ್ಲಿ ಶಿಕಾಗೊದ ಡೆವಾನ್ ಅವೆನ್ಯೂದ ಪಟವೊಂದು ಇದೆಯೆಂದು ಇಟ್ಟುಕೊಂಡು, ಅದನ್ನು ಓದುವ ಕ್ರಮವನ್ನು ಹಂತಹಂತವಾಗಿ ನೋಡಬಹುದು. ಈ ಬೀದಿಗೆ ಹಿಂದೆ ಚರ್ಚ್ ರೋಡ್ ಎಂಬ ಹೆಸರಿತ್ತು. ಎರಡನೆಯ ಮಹಾಯುದ್ಧದ ನಂತರ ಯಹೂದಿಗಳ ಅಂಗಡಿಬೀದಿಯಾಗಿದ್ದ ಇಲ್ಲಿ 1970ರ ದಶಕದ ಆರಂಭದಿಂದ ಭಾರತೀಯರ ಸೀರೆ ಅಂಗಡಿ, ದಿನಸಿ ಅಂಗಡಿಗಳು ಬಂದವು. ಈಗ ಅಮೆರಿಕದಾದ್ಯಂತ ಹರಡಿರುವ ಪಟೇಲ್ ಬ್ರದರ್ಸ್ ಮಳಿಗೆ ಶುರುವಾದದ್ದು 1974ರಲ್ಲಿ ಇದೇ ಬೀದಿಯಲ್ಲಿ. ಪಟದಲ್ಲಿ ಸೀರೆಯ ಮೇಲೆ ಕೋಟು ತೊಟ್ಟ ಹೆಂಗಸು, ಕೈಯಲ್ಲಿ ದಿನಸಿಯ ಚೀಲ, ಹಿಂದೆ ಅಂಗಡಿ, ಅಂಗಡಿಯ ಮುಖದ ಮೇಲೆ ನಿಚ್ಚಳವಾದ ಮಧ್ಯಾಹ್ನದ ಬಿಸಿಲು ಇದ್ದರೆ, ಅಂಗಡಿ ದಕ್ಷಿಣಕ್ಕೆ ಮುಖಮಾಡಿದೆಯೆಂದಾಯಿತು. ಏಕೆಂದರೆ ಆ ಅಕ್ಷಾಂಶದಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣಕ್ಕೆ ವಾಲಿಯೇ ಇರುತ್ತಾನೆ. ದಕ್ಷಿಣಕ್ಕೆ ಮುಖಮಾಡಿದ ಅಂಗಡಿ ಬೀದಿಯ ಉತ್ತರ ಬದಿಯದು, ಉತ್ತರ ಬದಿಯ ನಂಬರು ಬ್ರೆನನ್‌ನ ಕ್ರಮದಂತೆ ಸಮಸಂಖ್ಯೆ. ಅಡ್ಡಬೀದಿಯ ಹೆಸರು ಕಂಡರೆ ನಂಬರಿನ ಮೊದಲ ಅಂಕಿಗಳೂ ಸಿಗುತ್ತವೆ: ವೆಸ್ಟರ್ನ್ ಅವೆನ್ಯೂ ಸ್ಟೇಟ್ ಬೀದಿಯಿಂದ ಮೂರು ಮೈಲಿ ಪಶ್ಚಿಮಕ್ಕಿರುವುದರಿಂದ ಅಲ್ಲಿನ ಲೆಕ್ಕ 2400, ಅದಕ್ಕೂ ಎರಡು ಬ್ಲಾಕು ಆಚೆಗಿದ್ದರೆ 2600ರ ಸಾಲು. ಬಿಸಿಲು ಮತ್ತು ಒಂದು ಬೀದಿಯ ಹೆಸರಿನಿಂದ ಅಂಗಡಿಯ ವಿಳಾಸ ಹೀಗೆ ಹತ್ತಿರ ಹತ್ತಿರ ಬಂದುಬಿಡುತ್ತದೆ.

ಕಾಲವನ್ನು ಗುರುತಿಸುವುದಕ್ಕೆ ಇನ್ನೂ ಹೆಚ್ಚಿನ ಆಧಾರಗಳಿವೆ. ಪಟ ಚೌಕಾಕಾರವಾಗಿದ್ದರೆ ಅದು 1963ರಲ್ಲಿ ಬಂದ ಕೊಡಾಕ್ ಇನ್‌ಸ್ಟಮ್ಯಾಟಿಕ್ ಮಾದರಿಯ ಕ್ಯಾಮೆರಾದ್ದಾಗಿರುವ ಸಂಭವ ಹೆಚ್ಚು. ಬಿಳಿಯ ಅಂಚಿನ ಮೇಲೆ ಸಣ್ಣದಾಗಿ ತಿಂಗಳು-ವರ್ಷ ಮುದ್ರಿತವಾಗಿದ್ದರೆ ಅದು ಪಟವನ್ನು ತೊಳೆದು ಮುದ್ರಿಸಿದ ತಿಂಗಳು, ತೆಗೆದ ತಿಂಗಳಲ್ಲ. ಯುಗಾದಿಗೆ ತೆಗೆದ ಪಟದ ರೀಲು ಮುಗಿಯುವವರೆಗೆ ಕ್ಯಾಮೆರಾದಲ್ಲೇ ಉಳಿದು ದೀಪಾವಳಿಯ ಹೊತ್ತಿಗೆ ತೊಳೆಯಲು ಹೋದದ್ದೂ ಉಂಟು. ಅಂಗಡಿಯ ಬೋರ್ಡಿನಲ್ಲಿ ಐದಂಕಿಯ ಜಿಪ್ ಕೋಡ್, ಅಂದರೆ ನಮ್ಮ ಪಿನ್‌ಕೋಡಿನಂಥ ಸಂಖ್ಯೆ, ಇದ್ದರೆ ಅದು 1963ರ ಜುಲೈಯ ನಂತರದ್ದು. ಟೆಲಿಫೋನ್ ನಂಬರು 773ರಿಂದ ಆರಂಭವಾಗಿದ್ದರೆ ಚಿತ್ರ 1996ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಏಕೆಂದರೆ ಅದಕ್ಕೆ ಮುಂಚೆ ಡೆವಾನ್ ಸೇರಿದಂತೆ ಇಡೀ ನಗರಕ್ಕೆ 312 ಒಂದೇ ಸಂಕೇತವಿತ್ತು. ನಗರದ ನಡುಭಾಗದ ಪಟವಾದರೆ, ಸಿಯರ್ಸ್ ಟವರ್ ಇನ್ನೂ ಏರುತ್ತಿರುವಂತೆ ಕಂಡರೆ ಅದು 1973ರ ಮೇ ತಿಂಗಳಿಗಿಂತ ಹಿಂದಿನದು. ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂದ ಪಟದಲ್ಲಿ ಹಡ್ಸನ್ ಮಳಿಗೆಯ ಬೃಹತ್ ಕಟ್ಟಡವಿದ್ದರೆ 1998ರ ಅಕ್ಟೋಬರ್ 24ಕ್ಕೆ ಮುಂಚಿನದು, ಅಂದು ಅದನ್ನು ಸ್ಫೋಟಿಸಿ ಉರುಳಿಸಲಾಯಿತು. ಮಿಶಿಗನ್ನಿನ ಕಾರಿಗೆ ಕೆಂಪು ಬಿಳಿ ನೀಲಿಯ ನಂಬರು ಫಲಕವಿದ್ದರೆ ಅದು ಸ್ವಾತಂತ್ರ್ಯದ ದ್ವಿಶತಮಾನೋತ್ಸವಕ್ಕೆಂದು 1976ರಲ್ಲಿ ಕೊಟ್ಟದ್ದು. ಗಾಂಧಿ ಮಾರ್ಗ ಎಂಬ ಫಲಕ ಡೆವಾನ್‌ನ ಪಟದಲ್ಲಿ ಕಂಡಾಗ ಮಾತ್ರ ಎಚ್ಚರ ಬೇಕು. ಅದು ಬೀದಿಯ ಒಂದು ಭಾಗಕ್ಕೆ ಕೊಟ್ಟ ಗೌರವನಾಮ, ಅಂಚೆಯ ವಿಳಾಸವಲ್ಲ; ಅದೇ ಬೀದಿಯ ಬೇರೆ ಭಾಗಗಳಿಗೆ ಜಿನ್ನಾ ಅವರ ಹೆಸರೂ ಗೋಲ್ಡಾ ಮೇಯರ್ ಅವರ ಹೆಸರೂ ಇವೆ.

ಇಷ್ಟಾದರೂ ಪಟದಲ್ಲಿರುವವರ ಹೆಸರನ್ನು ದಾಖಲೆಯಲ್ಲಿ ಹುಡುಕುವಾಗ ಕನ್ನಡಿಗರಿಗೆ ಕಷ್ಟವೊಂದು ಎದುರಾಗುತ್ತದೆ. ಒಬ್ಬಾತನ ಹೆಸರು ಶ್ರೀನಿವಾಸ, ತಂದೆ ರಾಮಯ್ಯ, ಊರು ಹೊಸಹಳ್ಳಿ ಎಂದಿಟ್ಟುಕೊಂಡರೆ, ಊರಿನಲ್ಲಿ ಅವನು ಎಚ್. ಆರ್. ಶ್ರೀನಿವಾಸ. ಕೊನೆಯ ಹೆಸರನ್ನೇ ಮನೆತನದ ಹೆಸರೆಂದು ತಿಳಿಯುವ ಅಮೆರಿಕದ ಅರ್ಜಿಗಳಲ್ಲಿ ಅವನು ಶ್ರೀನಿವಾಸ ಮನೆತನದವನಾಗುತ್ತಾನೆ, ಮಕ್ಕಳೂ ಅದೇ ಹೆಸರನ್ನು ಹೊರುತ್ತಾರೆ. ಮೂರು ವರ್ಷ ತಡವಾಗಿ ಬಂದ ಅವನ ಒಡಹುಟ್ಟಿದ ತಮ್ಮ ತಂದೆಯ ಹೆಸರನ್ನು ಕೊನೆಗೆ ಬರೆದು ರಾಮಯ್ಯ ಮನೆತನದವನಾಗುತ್ತಾನೆ, ಇನ್ನೊಬ್ಬ ಹೊಸಹಳ್ಳಿಯಾಗಿಯೇ ಉಳಿಯುತ್ತಾನೆ. ಟೆಲಿಫೋನ್ ಡೈರೆಕ್ಟರಿಯನ್ನು ನೋಡಿದ ಮೊಮ್ಮಕ್ಕಳಿಗೆ ಈ ಮೂವರು ಅಣ್ಣತಮ್ಮಂದಿರೆಂದು ತಿಳಿಯುವ ದಾರಿಯೇ ಇಲ್ಲ. ಇಲ್ಲಿ ನೆರವಿಗೆ ಬರುವುದು ಪುನಃ ವಿಳಾಸವೇ: ಬೇರೆ ಬೇರೆ ಕಡೆಯ ಹೆಸರುಳ್ಳ ಮೂವರು ಬೇರೆ ಬೇರೆ ವರ್ಷಗಳಲ್ಲಿ ಒಂದೇ ಅಪಾರ್ಟ್‌ಮೆಂಟಿನ ನಂಬರಿನಲ್ಲಿ ಕಾಣಿಸಿಕೊಂಡರೆ, ಮೊದಲು ಬಂದ ಅಣ್ಣನ ಮನೆಯಲ್ಲಿ ತಮ್ಮಂದಿರು ಇಳಿದುಕೊಂಡಿದ್ದರೆಂಬ ಊಹೆಗೆ ಬುನಾದಿ ಸಿಗುತ್ತದೆ.

ಆ ನಂಬರು ಸಿಗುವ ಸ್ಥಳ ಬಹಳ ಸಲ ಶಿಕಾಗೊದಲ್ಲೂ ಇರುವುದಿಲ್ಲ, ಡೆಟ್ರಾಯಿಟ್‌ನಲ್ಲೂ ಇರುವುದಿಲ್ಲ. ಹೊರಟುಹೋದ ಮಗ ಊರಿಗೆ ಬರೆದ ನೀಲಿಯ ಏರೋಗ್ರಾಮುಗಳು, ಲಕೋಟೆಯಲ್ಲಿಟ್ಟು ಕಳಿಸಿದ ಪಟಗಳು ಮೈಸೂರು, ಶಿವಮೊಗ್ಗ, ಧಾರವಾಡಗಳ ಮನೆಗಳ ಅಟ್ಟದ ಮೇಲಿನ ಟ್ರಂಕುಗಳಲ್ಲಿವೆ. ಏರೋಗ್ರಾಮಿನ ಹಿಂಬದಿಯಲ್ಲಿ ಕಳಿಸಿದವರ ವಿಳಾಸ, ಮುಂಬದಿಯಲ್ಲಿ ಅಂಚೆಯ ಮುದ್ರೆಯ ದಿನಾಂಕ, ಒಳಗೆ ‘ಬೇರೆ ಲಕೋಟೆಯಲ್ಲಿ ಪಟ ಕಳಿಸಿದೆ, ಇದು ನಾವಿರುವ ಬೀದಿ’ ಎಂಬಂಥ ಒಕ್ಕಣೆ ಇರುತ್ತದೆ. ಶಿಕಾಗೊದ ಬೀದಿಯೊಂದರ ಚರಿತ್ರೆಯ ಅರ್ಧ ಹೀಗೆ ಕರ್ನಾಟಕದ ಅಟ್ಟಗಳಲ್ಲಿರುವುದರಿಂದ, ಹಳೆಯ ಮನೆಯನ್ನು ಕೆಡವಿ ಕಟ್ಟಿಸುವಾಗ ಟ್ರಂಕನ್ನು ಬಿಚ್ಚಿನೋಡದೆ ಗುಜರಿಗೆ ಹಾಕುವುದು ಸಾಗರದಾಚೆಯ ಮನೆತನಕ್ಕೂ ಆಗುವ ನಷ್ಟ.

ಸಾಕ್ಷ್ಯವನ್ನು ಕೈಯಾರೆ ಕೆಡಿಸುವ ರೂಢಿಗಳೂ ಇವೆ. 70ರ ದಶಕದಲ್ಲಿ ಪ್ರಚಾರಕ್ಕೆ ಬಂದ ಅಂಟುಹಾಳೆಯ ಆಲ್ಬಂಗಳಿಂದ ಪಟವನ್ನು ಕಿತ್ತರೆ ಬೆನ್ನ ಮೇಲಿನ ಬರಹ ಹರಿಯುತ್ತದೆ, ಬಿಟ್ಟರೆ ಅಂಟು ಪಟವನ್ನು ತಿನ್ನುತ್ತದೆ. ಹಾಳೆಯೊಡನೆಯೇ ಮೊದಲು ಫೋಟೊ ತೆಗೆದಿಟ್ಟುಕೊಂಡು ಆಮೇಲೆ ನಿಧಾನವಾಗಿ ಬಿಡಿಸುವುದು ಲೇಸು. ಪಟದ ಬೆನ್ನ ಮೇಲೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಅಕ್ಷರ ಮುಂಭಾಗದಲ್ಲಿ ಉಬ್ಬುತ್ತದೆ. ಸ್ಲೈಡನ್ನು ತಿರುವುಮುರುವಾಗಿಟ್ಟು ಡಿಜಿಟಲ್ ಪ್ರತಿ ಮಾಡಿದರೆ ಎಡಬದಿಯ ಅಂಗಡಿ ಬಲಕ್ಕೆ ಬಂದು, ಅದು ಅಡ್ಡಬೀದಿಯ ಯಾವ ಕಡೆಗಿದೆಯೆಂಬ ಲೆಕ್ಕ ತಲೆಕೆಳಗಾಗುತ್ತದೆ. ಬೋರ್ಡಿನ ಅಕ್ಷರ ಸರಿಯಾಗಿ ಓದಲು ಬರುತ್ತದೆಯೇ ಎಂದು ನೋಡಿಕೊಳ್ಳುವುದು ಇದಕ್ಕಿರುವ ಪರೀಕ್ಷೆ. ಹಳೆಯ ಪಟದ ಸುತ್ತಲಿನ ‘ಅನಗತ್ಯ’ ಭಾಗವನ್ನು ಕತ್ತರಿಸಿ ಮುಖವನ್ನು ಮಾತ್ರ ದೊಡ್ಡದು ಮಾಡಿಸುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು. ಕತ್ತರಿಸಿ ಎಸೆದ ಅಂಚಿನಲ್ಲೇ ಬೀದಿಯಿರುತ್ತದೆ.

1968ರ ನಂತರ ಈ ನಗರಗಳಿಗೆ ಬಂದ ಕನ್ನಡ ಕುಟುಂಬಗಳು ಮೊದಲ ಬಾರಿಗೆ ಎಣಿಕೆಗೆ ಸಿಕ್ಕಿದ್ದು 1970ರ ಜನಗಣತಿಯಲ್ಲಿ. 72 ವರ್ಷಗಳ ನಿಯಮದಂತೆ ಆ ಹಾಳೆಗಳು ತೆರೆಯುವುದು 2042ರ ಏಪ್ರಿಲ್‌ನಲ್ಲಿ. 1980ರ ಹಾಳೆಗಳು ತೆರೆಯುವುದು 2052ರಲ್ಲಿ. ಹೇಸ್ಟಿಂಗ್ಸ್ ಬೀದಿಯ ಮಕ್ಕಳಿಗೆ ದೊರೆತ ಜೋಡಣೆ ಡೆವಾನ್‌ನ ಮಕ್ಕಳಿಗೆ ದೊರೆಯಲು ಅಲ್ಲಿಯವರೆಗೆ ಕಾಯಬೇಕು, ಅಷ್ಟರಲ್ಲಿ ಆ ಬೀದಿಗಳಲ್ಲಿ ಮೊದಲು ಮನೆಮಾಡಿದವರು ಇರುವುದಿಲ್ಲ. ಈಗ ಎಪ್ಪತ್ತು, ಎಂಬತ್ತು ದಾಟಿರುವ ಆ ಹಿರಿಯರ ಎದುರಿಗೆ ಆಲ್ಬಂ ತೆರೆದು ಕುಳಿತು, ಪಟದಲ್ಲಿರುವವರು ಯಾರೆಂದು ಕೇಳಿದ ಮೇಲೆ, ಅವರ ಹಿಂದೆ ಕಾಣುವ ಬೀದಿ ಯಾವುದು, ಮನೆಯ ನಂಬರೇನು, ಪಕ್ಕದಲ್ಲಿ ಯಾರಿದ್ದರು ಎಂಬುದನ್ನೂ ಕೇಳಿ, ಬೇರೆ ಕಾಗದದ ಮೇಲೆ ಬರೆದು ಪಟದ ಜೊತೆಗಿಡಬೇಕೆಂದು ಕೇಳುಗರಲ್ಲಿ ವಿನಂತಿ.